ಮಣ್ಣಿಲ್ಲದ ಜಾಗದಲ್ಲಿ ಕಂಬ ನೆಡುವ ಕಥೆ

ಹೆದ್ದಾರಿಯ ತಿರುವಿನಲ್ಲಿ, ಎತ್ತರದ ಏರಿಯ ಅಂಚಿನಲ್ಲಿ ಸಾಲಾಗಿ ನಿಂತ ಉಕ್ಕಿನ ತಡೆಬೇಲಿಯನ್ನು ನೋಡದವರಿಲ್ಲ. ಉದ್ದಕ್ಕೆ ಓಡುವ, ಅಲೆಯಂತೆ ಮಡಿಸಿದ ಉಕ್ಕಿನ ಪಟ್ಟಿ, ಅದನ್ನು ಹೊತ್ತ ಗಿಡ್ಡ ಕಂಬಗಳು. ಇಷ್ಟೇ ಅದರ ರೂಪ. ದಾರಿ ತಪ್ಪಿದ ವಾಹನವನ್ನು ಈ ಪಟ್ಟಿ ತನ್ನ ಬಲದಿಂದಲೇ ತಡೆಯುತ್ತದೆ ಎಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಬೇಲಿಯ ಅರ್ಧ ಕೆಲಸ ಮಾಡುವುದು ಕಣ್ಣಿಗೆ ಬೀಳದ ಮಣ್ಣು. ಹಾಗಿದ್ದರೆ ಮಣ್ಣೇ ಇಲ್ಲದ ಕಡೆ, ಅಂದರೆ ಹಳ್ಳದ ನೀರನ್ನು ರಸ್ತೆಯಡಿ ದಾಟಿಸುವ ಮೋರಿಯ ಮೇಲೆ, ಬೇಲಿ ಹೇಗೆ ನಿಲ್ಲಬೇಕು? ನೋಡಲು ತೀರ ಸಣ್ಣದೆನಿಸುವ ಈ ಪ್ರಶ್ನೆಗೆ ನೆಚ್ಚಬಹುದಾದ ಉತ್ತರ ಕಂಡುಕೊಳ್ಳಲು ಅಮೆರಿಕದ ಇಂಜಿನಿಯರರಿಗೆ ಹೆಚ್ಚುಕಡಿಮೆ ಕಾಲು ಶತಮಾನ ಹಿಡಿಯಿತು.

ಬೇಲಿಯ ಗುಟ್ಟು ಇರುವುದು ಅದರ ಗಟ್ಟಿತನದಲ್ಲಲ್ಲ, ಬಾಗುವುದರಲ್ಲಿ. ಅಮೆರಿಕದಲ್ಲಿ ರೂಢಿಗೆ ಬಂದ ಬೇಲಿಯ ಕಂಬದ ಉದ್ದ ಸುಮಾರು 1.83 ಮೀಟರ್. ಅದರಲ್ಲಿ 1.1 ಮೀಟರಿನಷ್ಟು, ಎಂದರೆ ಅರ್ಧಕ್ಕಿಂತ ಹೆಚ್ಚು ಭಾಗ, ನೆಲದೊಳಗಿರುತ್ತದೆ. ವಾಹನ ಬಡಿದಾಗ ಕಂಬ ಮಣ್ಣನ್ನು ಹಿಂದಕ್ಕೆ ತಳ್ಳುತ್ತಾ ವಾಲುತ್ತದೆ. ಒಂದು ಕಂಬ ವಾಲಿದರೆ ಪಕ್ಕದ ಕಂಬಗಳಿಗೂ ಭಾರ ಹಂಚಿಹೋಗುತ್ತದೆ. ಪಟ್ಟಿ ಬಿಗಿದ ಹಗ್ಗದಂತೆ ಜಗ್ಗಿ, ವಾಹನವನ್ನು ನಯವಾಗಿ ರಸ್ತೆಯ ಕಡೆಗೆ ತಿರುಗಿಸುತ್ತದೆ. ಜೋರಾದ ಡಿಕ್ಕಿಯಲ್ಲಿ ಬೇಲಿ ಸುಮಾರು 1 ಮೀಟರ್ ಹಿಂದೆ ಸರಿಯುವುದುಂಟು. ಸರಿಯಲೆಂದೇ ಅದನ್ನು ಹಾಗೆ ಕಟ್ಟಿರುತ್ತಾರೆ.

ಆ 1 ಮೀಟರಿನ ಬೆಲೆ ಎಷ್ಟೆಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. 2,000 ಕಿಲೋ ತೂಕದ ಪಿಕಪ್ ಟ್ರಕ್ಕೊಂದು ಗಂಟೆಗೆ 100 ಕಿ.ಮೀ. ವೇಗದಲ್ಲಿ, 25 ಡಿಗ್ರಿ ಓರೆಯಲ್ಲಿ ಬೇಲಿಗೆ ನುಗ್ಗಿತೆಂದು ಇಟ್ಟುಕೊಳ್ಳೋಣ. ಬೇಲಿಯ ಕಡೆಗೆ ನೇರವಾಗಿ ಸಾಗುವ ಅದರ ವೇಗ ಗಂಟೆಗೆ ಸುಮಾರು 42 ಕಿ.ಮೀ. ಅದೇ ಟ್ರಕ್ಕನ್ನು 7 ಮೀಟರ್ ಎತ್ತರದಿಂದ ಕೆಳಗೆ ಬಿಟ್ಟರೆ ನೆಲ ಮುಟ್ಟುವಾಗ ಇಷ್ಟೇ ವೇಗವಿರುತ್ತದೆ. ಎರಡು ಅಂತಸ್ತಿನ ಮನೆಯ ತಾರಸಿಯಿಂದ ಬಿದ್ದಂತೆ. ಈ ವೇಗ 1 ಮೀಟರ್ ದೂರದಲ್ಲಿ ಅಡಗಿದರೆ ಒಳಗಿರುವವರ ಮೇಲೆ ಗುರುತ್ವ ಬಲದ ಸರಾಸರಿ 7 ಪಟ್ಟು ಒತ್ತಡ ಬೀಳುತ್ತದೆ. ಬೆಲ್ಟ್ ಕಟ್ಟಿಕೊಂಡ ಮನುಷ್ಯ ಅದನ್ನು ತಾಳಿಕೊಳ್ಳಬಲ್ಲ. 10 ಸೆಂ.ಮೀ.ನಲ್ಲೇ ಅಡಗಿದರೆ 70 ಪಟ್ಟು. ಆಗ ಉಳಿಯುವುದು ಕಷ್ಟ.

ಇನ್ನು ಮೋರಿಯ ವಿಷಯ. ಕಾಂಕ್ರೀಟ್ ಪೆಟ್ಟಿಗೆಯಂಥ ಮೋರಿಯ ಚಪ್ಪಡಿಯ ಮೇಲೆ ಎಷ್ಟೋ ಕಡೆ ಒಂದು ಗೇಣು, ಹೆಚ್ಚೆಂದರೆ ಎರಡು ಗೇಣು ಮಣ್ಣಿರುತ್ತದೆ. ಅಲ್ಲಿ 1.1 ಮೀಟರ್ ಆಳಕ್ಕೆ ಕಂಬ ಇಳಿಸುವುದು ಆಗದ ಮಾತು. ಹಾಗೆಂದು ಬೇಲಿಯನ್ನು ಅಲ್ಲಿ ಬಿಟ್ಟುಬಿಡುವಂತೆಯೂ ಇಲ್ಲ. ಗುಂಡಿ ಇರುವುದೇ ಅಲ್ಲಿ. ಬೇಲಿ ಬೇಕಾಗಿರುವುದೇ ಅಲ್ಲಿ.

ಕುದುರೆ ಮತ್ತು ಗಾಡಿಗಳ ಕಾಲದಲ್ಲಿ ಇದು ಸಮಸ್ಯೆಯೇ ಆಗಿರಲಿಲ್ಲ. ಮೋರಿಯ ಎರಡೂ ಬದಿಗೆ ಕಲ್ಲಿನ ಗಿಡ್ಡ ಗೋಡೆ ಕಟ್ಟಿದರೆ ಸಾಕಿತ್ತು. ಹಳೆಯ ಮೈಸೂರು ಸೀಮೆಯ ರಸ್ತೆಗಳಲ್ಲಿ ಈಗಲೂ ಕಾಣುವ, ಸಂಜೆ ಹೊತ್ತು ಊರಿನವರು ಕುಳಿತು ಹರಟುವ ಮೋರಿ ಕಟ್ಟೆಯೂ ಇದೇ ಜಾತಿಯದು. ಗಂಟೆಗೆ 5 ಕಿ.ಮೀ. ನಡೆಯುವ ಗಾಡಿಯ ಚಕ್ರ ಹಳ್ಳಕ್ಕೆ ಜಾರದಂತೆ ತಡೆಯಲು ಅಷ್ಟು ಧಾರಾಳ. ಆದರೆ ವೇಗ 20 ಪಟ್ಟು ಹೆಚ್ಚಿದರೆ ಅದೇ ತೂಕದ ಡಿಕ್ಕಿಯ ಶಕ್ತಿ 400 ಪಟ್ಟು ಹೆಚ್ಚುತ್ತದೆ. ಮೋಟಾರು ಬಂದ ಮೇಲೆ ಆ ಗೋಡೆಯ ತುದಿ ರಕ್ಷಣೆಗಿಂತ ಅಪಾಯವೇ ಆಯಿತು.

ಮೊದಮೊದಲ ಮೋಟಾರು ರಸ್ತೆಗಳಲ್ಲಿ ಬೇಲಿಗಳು ಇದ್ದವು ನಿಜ. ಮರದ ಅಡ್ಡಗಂಬಿ, ಉಕ್ಕಿನ ಹಗ್ಗ, ತಗಡಿನ ಪಟ್ಟಿ ಹೀಗೆ ಕೈಗೆ ಸಿಕ್ಕ ಸಾಮಗ್ರಿಯಿಂದ ಕಟ್ಟಿದವು. ಅವು ಕೆಲಸ ಮಾಡುತ್ತವೆಯೇ ಎಂದು ಕ್ರಮವಾಗಿ ಪರೀಕ್ಷಿಸಿ ನೋಡುವ ಪದ್ಧತಿ ಮಾತ್ರ ಇರಲಿಲ್ಲ. ಅಪಘಾತವಾದರೆ ತಪ್ಪು ಚಾಲಕನದು ಎಂಬ ನಂಬಿಕೆ ಗಟ್ಟಿಯಾಗಿತ್ತು. ಕುಡಿದಿರಬೇಕು, ತೂಕಡಿಸಿರಬೇಕು, ಅತಿ ವೇಗದಲ್ಲಿ ಬಂದಿರಬೇಕು. ರಸ್ತೆಯ ಅಂಚಿಗೆ ಬಂದದ್ದೇ ಅವನ ತಪ್ಪಲ್ಲವೇ?

ಈ ನಂಬಿಕೆಯನ್ನು ಅಲ್ಲಾಡಿಸಿದವರಲ್ಲಿ ಜನರಲ್ ಮೋಟರ್ಸ್ ಕಂಪನಿಯ ಇಂಜಿನಿಯರ್ ಕೆನೆತ್ ಸ್ಟೋನೆಕ್ಸ್ ಮುಖ್ಯರು. ಮಿಷಿಗನ್ ರಾಜ್ಯದ ಮಿಲ್‌ಫರ್ಡ್‌ನಲ್ಲಿ ಆ ಕಂಪನಿ 1924ರಲ್ಲೇ ಕಾರುಗಳನ್ನು ಓಡಿಸಿ ಪರೀಕ್ಷಿಸುವ ವಿಶಾಲ ಪ್ರಾಂಗಣ ತೆರೆದಿತ್ತು. ಅಲ್ಲಿನ ಚಾಲಕರು ನುರಿತವರು, ಕಟ್ಟುನಿಟ್ಟಿನ ನಿಯಮಕ್ಕೆ ಒಳಪಟ್ಟವರು. ಎದುರಿನಿಂದ ವಾಹನ ಬರುವ ಭಯವೂ ಇರಲಿಲ್ಲ. ಆದರೂ ವಾಹನಗಳು ರಸ್ತೆ ಬಿಟ್ಟು ಹೊರಗೆ ಹೋಗುತ್ತಲೇ ಇದ್ದವು. ಸ್ಟೋನೆಕ್ಸ್ ಇದರಿಂದ ತೆಗೆದ ತೀರ್ಮಾನ ಸರಳವಾದದ್ದು. ಒಳ್ಳೆಯ ಚಾಲಕನೂ ಎಂದಾದರೊಂದು ದಿನ ರಸ್ತೆ ಬಿಡುತ್ತಾನೆ. ಆದ್ದರಿಂದ ರಸ್ತೆಯ ಅಂಚು ಅವನನ್ನು ಕೊಲ್ಲುವಂತಿರಬಾರದು. ಹೊರಗೆ ಹೋದ ವಾಹನಗಳಲ್ಲಿ ನೂರಕ್ಕೆ 80 ರಸ್ತೆಯಿಂದ 30 ಅಡಿಯೊಳಗೇ ಹಿಡಿತಕ್ಕೆ ಬರುತ್ತವೆ ಎಂದು ಅಲ್ಲಿನ ಅಳತೆಗಳು ತೋರಿಸಿದವು. ಅಷ್ಟು ಅಗಲದ ಅಂಚಿನಲ್ಲಿ ಮರ, ಕಂಬ, ಗುಂಡಿ ಇರಬಾರದು ಎಂಬ ನಿಯಮ ಹುಟ್ಟಿದ್ದು ಇದರಿಂದಲೇ.

1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಕಾನೂನಿನಿಂದ 41,000 ಮೈಲಿಗಳ ಅಂತರರಾಜ್ಯ ಹೆದ್ದಾರಿಗಳ ಕೆಲಸ ಭರದಿಂದ ಸಾಗಿತ್ತು. ವೇಗ ಹೆಚ್ಚಿತು, ಬೇಲಿಗಳ ಉದ್ದವೂ ಹೆಚ್ಚಿತು. ಕ್ಯಾಲಿಫೋರ್ನಿಯದ ಹೆದ್ದಾರಿ ಇಲಾಖೆ ನಿಜವಾದ ಕಾರುಗಳನ್ನು ಬೇಲಿಗೆ ಡಿಕ್ಕಿ ಹೊಡೆಸಿ ನೋಡತೊಡಗಿತು. ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಪರೀಕ್ಷಿಸಿದರೆ ಹೋಲಿಸಿ ನೋಡುವುದು ಹೇಗೆಂದು 1962ರಲ್ಲಿ ಹೆದ್ದಾರಿ ಸಂಶೋಧನಾ ಮಂಡಳಿ 482ನೆಯ ಸುತ್ತೋಲೆ ಹೊರಡಿಸಿತು. 4,000 ಪೌಂಡಿನ ಕಾರು, ಗಂಟೆಗೆ 60 ಮೈಲಿ ವೇಗ, 7 ಮತ್ತು 25 ಡಿಗ್ರಿ ಓರೆ – ಇಷ್ಟನ್ನು ಹೇಳಿದ ಆ ದಾಖಲೆ ಒಂದೇ ಒಂದು ಪುಟದ್ದು. ಇಂದು ನೂರಾರು ಪುಟಗಳಿಗೆ ಬೆಳೆದಿರುವ ಡಿಕ್ಕಿ ಪರೀಕ್ಷೆಯ ಶಾಸ್ತ್ರಕ್ಕೆ ಅದೇ ಮೂಲ.

ಶಾಸ್ತ್ರ ಹುಟ್ಟಿದ ಮಾತ್ರಕ್ಕೆ ರಸ್ತೆಯ ಮೇಲಿನ ಬೇಲಿಗಳು ಬದಲಾಗಲಿಲ್ಲ. ಅದಕ್ಕೆ ಜನರ ಸಿಟ್ಟೂ ಬೇಕಾಯಿತು. 1965ರಲ್ಲಿ ರಾಲ್ಫ್ ನೇಡರ್ ಅವರ ಪುಸ್ತಕ ಕಾರು ಕಂಪನಿಗಳನ್ನು ಕಟಕಟೆಗೆ ತಂದಿತು. 1966ರಲ್ಲಿ ಅಮೆರಿಕದ ರಸ್ತೆಗಳಲ್ಲಿ ಸತ್ತವರು 50 ಸಾವಿರಕ್ಕೂ ಹೆಚ್ಚು. ಅದೇ ವರ್ಷ ರಸ್ತೆ ಸುರಕ್ಷತೆಯ ಕಾನೂನುಗಳು ಬಂದವು. ಮರುವರ್ಷ ಮಿನ್ನೆಸೋಟದ ಜಾನ್ ಬ್ಲಾಟ್ನಿಕ್ ನೇತೃತ್ವದ ಸಂಸತ್ ಉಪಸಮಿತಿ ರಸ್ತೆಯಂಚಿನ ಅಪಾಯಗಳ ಬಗ್ಗೆ ವಿಚಾರಣೆ ನಡೆಸಿತು. ಮೂಲತಃ ಹೆದ್ದಾರಿ ಕಾಮಗಾರಿಗಳಲ್ಲಿನ ಭ್ರಷ್ಟಾಚಾರ ಹುಡುಕಲು ಹುಟ್ಟಿದ ಸಮಿತಿ ಅದು. ಅದರ ಮುಂದೆ ನಿಂತು ಎಲ್ಲರ ಕಣ್ಣು ತೆರೆಸಿದ ಸಾಕ್ಷಿ ಇಂಜಿನಿಯರನೂ ಅಲ್ಲ, ಅಧಿಕಾರಿಯೂ ಅಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಟೆಲಿವಿಷನ್ ರಿಪೇರಿ ಮಾಡುತ್ತಿದ್ದ ಜೋಸೆಫ್ ಲಿಂಕೊ. ರಸ್ತೆಯಂಚಿನ ಅಪಾಯಗಳ ಫೋಟೊಗಳನ್ನು ತಾನೇ ತೆಗೆದು ಅಧಿಕಾರಿಗಳಿಗೆ ತೋರಿಸುತ್ತಾ ಬಂದಿದ್ದ ಮನುಷ್ಯ. ಎದುರು ಬರುವ ಕಾರಿಗೆ ಈಟಿಯಂತೆ ಮುಖ ಮಾಡಿ ನಿಂತ ಬೇಲಿಯ ತುದಿ, ಸೇತುವೆಯ ಕಾಂಕ್ರೀಟ್ ಗೋಡೆಗೆ ಕೂಡಿಸದೆ ನಡುವೆ ಕಡಿದುಬಿಟ್ಟ ಬೇಲಿ, ಹೊಸ ಹೆದ್ದಾರಿಯ ಅಂಚಿಗೇ ನೆಟ್ಟ ಭಾರಿ ಫಲಕದ ಕಂಬ. ಇಂಥವೇ ಆ ವಿಚಾರಣೆಯ ಚರ್ಚೆಗೆ ಬಂದವು. ತಪ್ಪು ಚಾಲಕನದೋ ರಸ್ತೆಯದೋ ಎಂಬ ಪ್ರಶ್ನೆಯನ್ನು ಅಲ್ಲಿಂದ ಮುಂದೆ ಯಾರೂ ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ.

ಮೋರಿಯ ವಿಷಯದಲ್ಲಿ ಸ್ಟೋನೆಕ್ಸ್ ವಾದವನ್ನು ಒಪ್ಪಿದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇಲಿ ಹೇಗಿರಬೇಕೆಂಬುದಲ್ಲ, ಬೇಲಿ ಬೇಕೇ ಎಂಬುದು. ಏಕೆಂದರೆ ಬೇಲಿಯೂ ಡಿಕ್ಕಿ ಹೊಡೆಯಬಹುದಾದ ಒಂದು ವಸ್ತುವೇ. ಮೋರಿಯನ್ನೇ ಉದ್ದ ಮಾಡಿ ಅದರ ಬಾಯನ್ನು ರಸ್ತೆಯಿಂದ ದೂರಕ್ಕೆ ಒಯ್ಯಬಹುದು. ಬಾಯಿಯ ಮೇಲೆ ಕೊಳವೆಗಳ ಜಾಲರಿ ಹೊದಿಸಿ ಕಾರಿನ ಚಕ್ರ ದಾಟಿಹೋಗುವಂತೆಯೂ ಮಾಡಬಹುದು. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಸಾರಿಗೆ ಸಂಸ್ಥೆ ಇದನ್ನು ಕಾರು ಹಾಯಿಸಿಯೇ ಪರೀಕ್ಷಿಸಿತು. ಆದರೆ ಹಳ್ಳ ದೊಡ್ಡದಿದ್ದರೆ, ರಸ್ತೆಯ ಪಕ್ಕದ ಜಮೀನು ಇಲಾಖೆಯದಲ್ಲದಿದ್ದರೆ, ಖರ್ಚು ಮಿತಿಮೀರಿದರೆ ಉಳಿಯುವ ದಾರಿ ಬೇಲಿಯೊಂದೇ.

ಎಷ್ಟೋ ಕಡೆ ಗುತ್ತಿಗೆದಾರರು ಕಂಬವನ್ನು ಮೋಟು ಮಾಡಿ, ಇದ್ದಷ್ಟು ಮಣ್ಣಿನಲ್ಲೇ ಹೂತು ಕೈತೊಳೆದುಕೊಳ್ಳುತ್ತಿದ್ದರು. ನೋಡಲು ಬೇಲಿ ಬೇಲಿಯಂತೆಯೇ ಕಾಣುತ್ತಿತ್ತು. ಎಲ್ಲಕ್ಕಿಂತ ಅಪಾಯದ ಬೇಲಿ ಅದೇ ಎನ್ನಬೇಕು. 1980ರ ದಶಕದಲ್ಲಿ ಟೆಕ್ಸಾಸಿನ ಸಂಶೋಧಕರು ಇಂಥ ಬೇಲಿಗಳತ್ತ ಗಮನ ಹರಿಸಿದರು. ಆಳವಿಲ್ಲದ ಕಂಬ ಮಣ್ಣಿನಲ್ಲಿ ವಾಲುವುದಿಲ್ಲ, ಕಿತ್ತು ಬರುತ್ತದೆ. ಆಗ ಪಟ್ಟಿ ಕೆಳಗಿಳಿದು ವಾಹನ ಅದರ ಮೇಲೇರಿ ಹಾರುತ್ತದೆ. ಕಂಬಕ್ಕೆ ಉಕ್ಕಿನ ತಳಹಲಗೆ ಬೆಸೆದು ಚಪ್ಪಡಿಗೇ ಬೋಲ್ಟ್ ಮಾಡುವುದು ಪರಿಹಾರವಾಗಿ ಕಂಡಿತು. ಅದು ವಾಹನವನ್ನು ತಡೆಯುತ್ತದೆ ನಿಜ, ಆದರೆ ಪ್ರತಿ ಡಿಕ್ಕಿಯ ಪೆಟ್ಟೂ ಮೋರಿಗೆ ತಗಲುತ್ತದೆ. ಚಪ್ಪಡಿ ಬಿರುಕು ಬಿಟ್ಟರೆ ಬೇಲಿಯ ಜೊತೆ ಮೋರಿಯನ್ನೂ ರಿಪೇರಿ ಮಾಡಬೇಕು.

ಇನ್ನೊಂದು ಯೋಚನೆಯೂ ಇತ್ತು. ಮೋರಿಯ ಮೇಲೆ ಕಂಬವನ್ನೇ ನೆಡದೆ, ಪಟ್ಟಿಯನ್ನು ಈ ದಡದಿಂದ ಆ ದಡಕ್ಕೆ ತೂಗುಹಾಕಿದಂತೆ ದಾಟಿಸಿಬಿಟ್ಟರೆ ಹೇಗೆ? ಇದನ್ನು ಕೈಗೆತ್ತಿಕೊಂಡದ್ದು ನೆಬ್ರಾಸ್ಕ ವಿಶ್ವವಿದ್ಯಾಲಯದ ರಸ್ತೆಯಂಚಿನ ಸುರಕ್ಷತಾ ಕೇಂದ್ರ. ನೆಬ್ರಾಸ್ಕ, ಕ್ಯಾನ್ಸಸ್, ಮಿಸೌರಿ ರಾಜ್ಯಗಳು 1990ರಲ್ಲಿ ಹಣ ಕೂಡಿಸಿ ಇಂಥ ಸಂಶೋಧನೆಗೆಂದು ಒಂದು ಸಾಮೂಹಿಕ ನಿಧಿ ಮಾಡಿಕೊಂಡಿದ್ದವು. ಮುಂದೆ ಇತರ ರಾಜ್ಯಗಳೂ ಸೇರಿದವು. ಒಂದೊಂದು ಪರೀಕ್ಷೆಗೂ ಒಂದು ವಾಹನ ಮತ್ತು ಒಂದು ಬೇಲಿ ನಜ್ಜುಗುಜ್ಜಾಗುವ ಕೆಲಸಕ್ಕೆ ಒಂಟಿ ರಾಜ್ಯದ ಜೇಬು ಸಾಲದು.

ಪರೀಕ್ಷೆ ನಡೆಯುವ ಜಾಗ ಲಿಂಕನ್ ನಗರದ ವಿಮಾನ ನಿಲ್ದಾಣದ ಬಳಿಯ ಬಯಲು. ವಾಹನದಲ್ಲಿ ಚಾಲಕನಿರುವುದಿಲ್ಲ. ಇನ್ನೊಂದು ವಾಹನ ಉಕ್ಕಿನ ಹಗ್ಗದಿಂದ ಅದನ್ನು ಎಳೆಯುತ್ತದೆ. ಹಗ್ಗವನ್ನು ರಾಟೆಗೆ ಸುತ್ತಿರುವುದರಿಂದ ಎಳೆಯುವ ವಾಹನದ ಎರಡು ಪಟ್ಟು ವೇಗ ಪರೀಕ್ಷೆಯ ವಾಹನಕ್ಕೆ ಬರುತ್ತದೆ. ನೆಲದುದ್ದಕ್ಕೆ ಬಿಗಿದ ಮತ್ತೊಂದು ಹಗ್ಗ ಅದರ ಚಕ್ರವನ್ನು ನೇರ ದಾರಿಯಲ್ಲಿ ಹಿಡಿದಿಡುತ್ತದೆ. ಡಿಕ್ಕಿಗೆ ಮುಂಚೆ ಎರಡೂ ಹಗ್ಗ ಕಳಚಿಕೊಳ್ಳುತ್ತವೆ. ಆಮೇಲಿನದೆಲ್ಲ ಒಂದೆರಡು ಸೆಕೆಂಡಿನ ಆಟ. ವೇಗದ ಕ್ಯಾಮೆರಾಗಳು ಮತ್ತು ವಾಹನದೊಳಗಿನ ಮಾಪಕಗಳು ಅದನ್ನು ಹಿಡಿದಿಡುತ್ತವೆ. ಗೆಲುವಿನ ಲೆಕ್ಕ ಹೀಗಿದೆ: ವಾಹನ ಬೇಲಿಯನ್ನು ಸೀಳಬಾರದು, ಮೇಲೇರಬಾರದು, ಅಡಿಯಲ್ಲಿ ನುಸುಳಬಾರದು, ಮಗುಚಬಾರದು, ಬೇಲಿಯ ಚೂರು ಒಳಗೆ ನುಗ್ಗಬಾರದು. ಪರೀಕ್ಷೆಯ ನಿಯಮಗಳು 1981ರಲ್ಲಿ, ಮತ್ತೆ 1993ರಲ್ಲಿ ಪರಿಷ್ಕಾರವಾದವು. 1993ರ 350ನೆಯ ವರದಿ ತಂದ ದೊಡ್ಡ ಬದಲಾವಣೆ ಪಿಕಪ್ ಟ್ರಕ್ಕು. ಆ ಹೊತ್ತಿಗೆ ಅಮೆರಿಕದ ಮನೆಮನೆಗೂ ಬಂದಿದ್ದ ಈ ವಾಹನದ ಗುರುತ್ವ ಕೇಂದ್ರ ಕಾರಿನದಕ್ಕಿಂತ ಎತ್ತರದಲ್ಲಿರುತ್ತದೆ. ಕಾರಿಗೆ ಸಲ್ಲುತ್ತಿದ್ದ ಬೇಲಿ ಇದಕ್ಕೆ ಸಲ್ಲಬೇಕೆಂದೇನೂ ಇಲ್ಲ.

ನೆಬ್ರಾಸ್ಕದವರು ಕಟ್ಟಿದ ಬೇಲಿ ಮೋರಿಯ ಮೇಲೆ 7.62 ಮೀಟರ್, ಅಂದರೆ 25 ಅಡಿ, ಕಂಬವಿಲ್ಲದೆ ದಾಟುತ್ತಿತ್ತು. ಬೇಲಿಯ ಕಂಬಗಳ ನಡುವಿನ ಅಂತರ ಸಾಮಾನ್ಯವಾಗಿ 1.905 ಮೀಟರ್. ಹೀಗಾಗಿ ಸಾಲಿನಿಂದ ಮೂರು ಕಂಬ ತೆಗೆದುಹಾಕಿದಂತಾಯಿತು. ಕೊರತೆ ತುಂಬಲು ಪಟ್ಟಿಯ ಬೆನ್ನಿಗೆ ಇನ್ನೊಂದು ಪಟ್ಟಿಯನ್ನು, ತಟ್ಟೆಯೊಳಗೆ ತಟ್ಟೆ ಕೂಡಿಸುವಂತೆ, 30 ಮೀಟರ್ ಉದ್ದಕ್ಕೂ ಜೋಡಿಸಿದರು. ಬಯಲಿನ ಎರಡೂ ದಡದಲ್ಲಿ ಮೂರು ಮೂರು ಮರದ ಕಂಬ. ಈ ಮರದ ಕಂಬಗಳ ವಿಶೇಷವೆಂದರೆ ನೆಲಮಟ್ಟದಲ್ಲಿ ಒಂದು, ಅದರ ಕೆಳಗೆ ಇನ್ನೊಂದು, ಸುಮಾರು 9 ಸೆಂ.ಮೀ. ಅಗಲದ ತೂತು ಕೊರೆದಿರುತ್ತಾರೆ. ವಾಹನ ಪಟ್ಟಿಯನ್ನು ಜಗ್ಗಿಕೊಂಡು ಗುಂಡಿಯ ಅಂಚಿಗೆ ಬಂದಾಗ ಎದುರಾಗುವ ಮೊದಲ ಕಂಬ ಬಂಡೆಯಂತೆ ನಿಂತರೆ ಚಕ್ರ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಅದು ಮುರಿದು ದಾರಿ ಬಿಡಲೆಂದೇ ಈ ಏರ್ಪಾಡು.

ಮೊದಲ ಪರೀಕ್ಷೆ ಸೋತಿತು. ಟ್ರಕ್ಕು ಬೇಲಿಯೊಳಕ್ಕೆ ಆಳವಾಗಿ ನುಗ್ಗಿತು. ಕಾರಣ ಹುಡುಕಿದಾಗ ತಪ್ಪು ಸಿಕ್ಕಿದ್ದು ಮೋರಿಯ ಬಳಿಯಲ್ಲಲ್ಲ, ಬೇಲಿಯ ತುದಿಯಲ್ಲಿ. ಪಟ್ಟಿಯ ಕೊನೆಯನ್ನು ನೆಲಕ್ಕೆ ಬಿಗಿದಿಡುವ ಉಕ್ಕಿನ ಹಗ್ಗಕ್ಕೆ ಒತ್ತಿ ಕೂಡಿಸಿದ ಲೋಹದ ಹಿಡಿಯೊಂದು ಕೈಕೊಟ್ಟಿತ್ತು. ಕಂಬಗಳಿಲ್ಲದ ಕಡೆ ಬೇಲಿಯನ್ನು ನಿಲ್ಲಿಸುವುದು ಪಟ್ಟಿಯ ಬಿಗಿ ಮಾತ್ರ. ತುದಿ ಸಡಿಲಿದರೆ ನಡುವಿನದು ಬರೀ ತಗಡು. ಹೊಸ ಹಗ್ಗ ಹಾಕಿ ಅದೇ ಬೇಲಿಯನ್ನು ಮತ್ತೆ ಪರೀಕ್ಷಿಸಿದರು. ಈ ಸಲ ಬಿಗಿ ಉಳಿಯಿತು, ಟ್ರಕ್ಕು ರಸ್ತೆಯ ಕಡೆಗೆ ತಿರುಗತೊಡಗಿತು, ಆದರೆ ತಿರುಗುತ್ತಲೇ ಮಗುಚಿ ತಲೆಕೆಳಗಾಗಿ ನಿಂತಿತು. ಹಳ್ಳಕ್ಕೆ ಬೀಳುವುದು ತಪ್ಪಿದರೂ ಒಳಗಿದ್ದವರ ಪಾಡೇನು? ಇದನ್ನೂ ಸೋಲೆಂದೇ ದಾಖಲಿಸಿದರು.

ಮೂರನೆಯ ಸಲ ಮಾಡಿದ ತಿದ್ದುಪಡಿ ನೋಡಲು ಏನೂ ಅಲ್ಲವೆನಿಸುವಂಥದು. ಪಟ್ಟಿಗೂ ಕಂಬಕ್ಕೂ ನಡುವೆ ಒಂದು ಮರದ ತುಂಡು ಇರುತ್ತದೆ. ಚಕ್ರ ಕಂಬಕ್ಕೆ ತಗಲದಂತೆ ದೂರವಿಡುವುದು, ಕಂಬ ಹಿಂದಕ್ಕೆ ವಾಲಿದರೂ ಪಟ್ಟಿ ತಕ್ಷಣ ಕೆಳಗಿಳಿಯದಂತೆ ನೋಡಿಕೊಳ್ಳುವುದು ಅದರ ಕೆಲಸ. ತೂತಿನ ಕಂಬಗಳಲ್ಲಿ ಒಂದರ ಬದಲು ಇಂಥ ಎರಡೆರಡು ತುಂಡು ಕೂಡಿಸಿದರು. ಟ್ರಕ್ಕು ನಾಲ್ಕು ಚಕ್ರದ ಮೇಲೇ ಹೊರಬಂತು. 350ನೆಯ ವರದಿಯ ಅಳತೆಗೆ ಬೇಲಿ ಸರಿಹೊಂದಿತು.

ಚಪ್ಪಡಿಗೆ ಬೋಲ್ಟ್ ಮಾಡುವ ಹಳೆಯ ದಾರಿಯನ್ನೂ ಅವರು ಕೈಬಿಡಲಿಲ್ಲ, ಏಕೆಂದರೆ 25 ಅಡಿಗಿಂತ ಅಗಲದ ಮೋರಿಗಳಿಗೆ ಅದೇ ಗತಿ. ಕ್ಯಾನ್ಸಸ್ ರಾಜ್ಯದ ಕೋರಿಕೆಯಂತೆ ನಡೆದ ಈ ಕೆಲಸದ ವರದಿ 2002ರಲ್ಲಿ ಹೊರಬಂತು. ಮೋರಿಯ ಮೇಲೆ ಕಂಬಗಳನ್ನು ಅರ್ಧ ಅಂತರಕ್ಕೆ ನಿಲ್ಲಿಸಿ, ಚಪ್ಪಡಿಯನ್ನು ತೂರಿಬರುವ ಬೋಲ್ಟುಗಳಿಂದ ಬಿಗಿದರು. ಕಂಬಗಳ ಬೆನ್ನು ಮೋರಿಯ ಅಂಚುಗೋಡೆಯಿಂದ ಸುಮಾರು 45 ಸೆಂ.ಮೀ. ದೂರವಿದ್ದಾಗ ಪರೀಕ್ಷೆ ಗೆದ್ದಿತು. ರಸ್ತೆಯ ಅಗಲ ಉಳಿಸುವ ಆಸೆಯಿಂದ ಅದೇ ಬೇಲಿಯನ್ನು ಗೋಡೆಗೆ ಒಂದು ಇಂಚು ದೂರಕ್ಕೆ ಸರಿಸಿ ಪರೀಕ್ಷಿಸಿದಾಗ ಟ್ರಕ್ಕು ಮಗುಚಿತು. ಕಂಬ ಅದೇ, ಬೋಲ್ಟು ಅದೇ, ಪಟ್ಟಿ ಅದೇ. ಕಂಬಕ್ಕೆ ಬಾಗಲು ಹಿಂದೆ ಜಾಗವಿರಲಿಲ್ಲ, ಅಷ್ಟೇ.

ಅಷ್ಟರಲ್ಲಿ ಅದೇ ಕೇಂದ್ರದ ಡೀನ್ ಸಿಕಿಂಗ್, ರೊನಾಲ್ಡ್ ಫಾಲರ್ ಮತ್ತವರ ಸಂಗಡಿಗರು ಸಾಮಾನ್ಯ ಬೇಲಿಯನ್ನೇ ಹೊಸದಾಗಿ ರೂಪಿಸಿದ್ದರು. ಪಟ್ಟಿಯ ಎತ್ತರವನ್ನು 70 ಸೆಂ.ಮೀ. ಆಸುಪಾಸಿನಿಂದ 79 ಸೆಂ.ಮೀ.ಗೆ ಏರಿಸಿದರು, ಮರದ ತುಂಡನ್ನು ದಪ್ಪ ಮಾಡಿದರು, ಪಟ್ಟಿಗಳ ಬೆಸುಗೆಯನ್ನು ಕಂಬದ ಮೇಲಿನಿಂದ ಎರಡು ಕಂಬಗಳ ನಡುವಿಗೆ ಸರಿಸಿದರು. ಈ ಬೇಲಿಯನ್ನು ಮೋರಿಯ ಮೇಲೆ ಹಾಯಿಸಿದಾಗ ಜೋಡಿ ಪಟ್ಟಿಯ ಅಗತ್ಯವೇ ಬೀಳಲಿಲ್ಲ. ಬೇಲಿಯನ್ನು ಅಂಚುಗೋಡೆಯಿಂದ ತುಂಬ ಹಿಂದಕ್ಕೆ ಇಡಬೇಕೆಂಬ ಹಳೆಯ ಕಟ್ಟುಪಾಡೂ ಸಡಿಲಿತು. 2,270 ಕಿಲೋ ತೂಕದ ಇನ್ನೂ ಭಾರದ ಟ್ರಕ್ಕುಗಳಿಂದ ಮಾಡಿದ ಎರಡು ಪರೀಕ್ಷೆಗಳಲ್ಲೂ ಅದು ಗೆದ್ದಿತು. 2007ರಲ್ಲಿ ಅದರ ವಿವರ ಪ್ರಕಟವಾಯಿತು. ಆ ಭಾರದ ಟ್ರಕ್ಕೇ 2009ರ ಹೊಸ ನಿಯಮಾವಳಿಯ ಪರೀಕ್ಷಾ ವಾಹನವಾಯಿತು.

ಕುತೂಹಲದ ಸಂಗತಿಯೊಂದಿದೆ. ಅಮೆರಿಕದ ಲೆಕ್ಕದಲ್ಲಿ 20 ಅಡಿಗಿಂತ ಉದ್ದದ್ದು ಸೇತುವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ವ್ಯಾಖ್ಯೆಯಲ್ಲಿ 6 ಮೀಟರ್‌ವರೆಗಿನದು ಮೋರಿ, ಅದರಾಚೆಗಿನದು ಸೇತುವೆ. ಎರಡೂ ಗೆರೆಗಳು ಹೆಚ್ಚುಕಡಿಮೆ ಒಂದೇ ಕಡೆ ಬೀಳುತ್ತವೆ. ರಸ್ತೆಗೆ ತೀರ ಓರೆಯಾಗಿ ಹಾಯುವ ಮೋರಿಗಳನ್ನು ಬಿಟ್ಟರೆ, ಕಾಗದದ ಮೇಲೆ ಮೋರಿ ಎನಿಸಿಕೊಂಡ ಎಲ್ಲವೂ ಈ 7.62 ಮೀಟರಿನ ಬಯಲಿನೊಳಗೆ ಹಿಡಿಸುತ್ತವೆ. ಭಾರತದಲ್ಲಿ ತಡೆಬೇಲಿಗಳಿಗೆಂದೇ ಪ್ರತ್ಯೇಕ ಮಾರ್ಗಸೂಚಿ, ಐಆರ್‌ಸಿ 119, ಬಂದದ್ದು 2015ರಲ್ಲಿ.

ಅಮೆರಿಕದ ಹೆದ್ದಾರಿಯಲ್ಲಿ ಹೋಗುವವರಿಗೆ ಕೆಳಗಿನ ಮೋರಿ ಕಾಣುವುದಿಲ್ಲ. ಉಕ್ಕಿನ ಕಂಬಗಳ ಸಾಲಿನ ನಡುವೆ ಇದ್ದಕ್ಕಿದ್ದಂತೆ ಮೂರು ಮರದ ಕಂಬ, ಆಮೇಲೆ ಕಂಬವೇ ಇಲ್ಲದ ಒಂದಿಷ್ಟು ಪಟ್ಟಿ, ಮತ್ತೆ ಮೂರು ಮರದ ಕಂಬ ಕಂಡರೆ ಅಲ್ಲೊಂದು ಹಳ್ಳ ದಾಟಿತೆಂದು ತಿಳಿಯಬಹುದು. ಗಾಡಿ ನಿಲ್ಲಿಸಿ ಹತ್ತಿರ ಹೋದರೆ ಕಂಬದ ಬುಡದಲ್ಲಿ, ನೆಲಕ್ಕೆ ತಾಗಿದಂತೆ, ಆ ತೂತು ಕಾಣುತ್ತದೆ.